ಮೊಲದ ಅಪ್ಪನನ್ನು ಪೈ ಮಾಡಿದ ಸಾಲು ಹಾರಿಸಿ ಓದಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಬಿಯಾಟ್ರಿಕ್ಸ್ ಪಾಟರ್ ಅವರ ಪೀಟರ್ ರ‍್ಯಾಬಿಟ್ ಪುಸ್ತಕವನ್ನು ಯಾರೋ ಉಡುಗೊರೆ ಕೊಟ್ಟರು. ಎರಡು ತಿಂಗಳಿಂದ ದಿನಾ ರಾತ್ರಿ ಅದೇ ಬೇಕು. ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಹೇಳುತ್ತೇನೆ. ಆದರೆ ಶುರುವಿನಲ್ಲೇ ಅಮ್ಮ ಮೊಲ ಮರಿಗಳಿಗೆ, ಮಿಸ್ಟರ್ ಮೆಕ್‌ಗ್ರೆಗರ್ ತೋಟಕ್ಕೆ ಹೋಗಬೇಡಿ, ನಿಮ್ಮಪ್ಪನನ್ನು ಅಲ್ಲಿ ಮಿಸೆಸ್ ಮೆಕ್‌ಗ್ರೆಗರ್ ಪೈ, ಅಂದರೆ ಒಳಗೆ ಮಾಂಸ ತುಂಬಿ ಬೇಯಿಸುವ ಹಿಟ್ಟಿನ ತಿನಿಸು, ಅದರೊಳಗೆ ಹಾಕಿಬಿಟ್ಟಳು ಅನ್ನುತ್ತದೆ. ಆ ಸಾಲನ್ನು ನಾನು ಹಾರಿಸಿಬಿಡುತ್ತೇನೆ. ತಪ್ಪಾ? ಇನ್ನೊಂದು ವಿಷಯ. ಇದು ನೂರು ವರ್ಷಕ್ಕೂ ಹಳೆಯ ಪುಸ್ತಕ. ಇದಕ್ಕಿಂತ ದೊಡ್ಡ, ಬಣ್ಣಬಣ್ಣದ ಪುಸ್ತಕಗಳು ಮನೆ ತುಂಬ ಇವೆ, ಅವಳು ಮುಟ್ಟುವುದೇ ಇಲ್ಲ. ಅಂಥದ್ದೇನಿದೆ ಇದರಲ್ಲಿ?

ಉತ್ತರ: ಹಾರಿಸಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡಬೇಕು, ಯಾಕೆಂದರೆ ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ.

ಪಾಟರ್ ಪುಸ್ತಕ ಅಂದರೆ ಮುದ್ದು ಮುದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನೀಲಿ ಕೋಟಿನ ಆ ಮೊಲವನ್ನು ಕಪ್ಪಿನ ಮೇಲೆ, ಟವೆಲ್ ಮೇಲೆ, ಮಗುವಿನ ಹಾಸಿಗೆ ಮೇಲೆ ನೋಡಿ ನೋಡಿ ಹಾಗಾಗಿದೆ. ಪುಸ್ತಕ ತೆರೆದರೆ ಸಿಗುವುದೇ ಬೇರೆ. ಅಲ್ಲಿ ಹಿಡಿಯುವವನು ನಿಜವಾಗಿ ಹಿಡಿಯಲು ಬರುತ್ತಾನೆ. ತಿನ್ನುವವರು ನಿಜವಾಗಿ ತಿನ್ನುತ್ತಾರೆ. ಮೊಲ ಕೋಟು ಹಾಕಿಕೊಂಡಿದೆ, ನಿಜ. ಆದರೆ ಅದು ಮೊಲವೇ.

ಈ ಪುಸ್ತಕಗಳನ್ನು ನಾನು ತುಂಬ ವರ್ಷಗಳಿಂದ ಮಕ್ಕಳ ಮುಂದೆ ಓದುತ್ತಾ ಬಂದಿದ್ದೇನೆ, ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಪಾಠ ಮಾಡುವಾಗಲೂ ಇವನ್ನೇ ಮುಂದಿಟ್ಟುಕೊಳ್ಳುತ್ತೇನೆ. ಅವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಬಟ್ಟೆ ನೋಡಿ. ಪಾಟರ್ ಕಥೆಯಲ್ಲಿ ಯಾರು ಯಾವಾಗ ಬಟ್ಟೆ ಹಾಕಿದ್ದಾರೆ, ಯಾವಾಗ ಅದು ಮೈಮೇಲಿಂದ ಹೋಗುತ್ತದೆ, ಅದನ್ನು ನೋಡುತ್ತಾ ಹೋಗಿ.

ಇವತ್ತು ರಾತ್ರಿ ನೀವೂ ನೋಡಿ. ಗೇಟಿನ ಕೆಳಗೆ ನುಸುಳುವವರೆಗೂ ಪೀಟರ್ ಒಬ್ಬ ಹುಡುಗ. ಕೋಟು, ಶೂ, ಎರಡು ಕಾಲಿನ ನಡಿಗೆ. ತೋಟದಲ್ಲಿ ಲೆಟ್ಯೂಸ್ ತಿನ್ನುತ್ತಾನೆ, ಬೀನ್ಸ್ ತಿನ್ನುತ್ತಾನೆ, ಮೂಲಂಗಿ ತಿನ್ನುತ್ತಾನೆ, ಹೊಟ್ಟೆ ತೊಳಸಿದ ಹಾಗಾಗಿ ಪಾರ್ಸ್ಲಿ ಸೊಪ್ಪು ಹುಡುಕಿಕೊಂಡು ಹೊರಡುತ್ತಾನೆ. ತಿರುವಿನಲ್ಲಿ ಮೆಕ್‌ಗ್ರೆಗರ್! ಓಟ ಶುರು. ಒಂದು ಶೂ ಎಲೆಕೋಸಿನ ನಡುವೆ ಬೀಳುತ್ತದೆ, ಇನ್ನೊಂದು ಆಲೂಗಡ್ಡೆ ಸಾಲಿನಲ್ಲಿ. ಆಗ ಬರುವ ಸಾಲು ನೋಡಿ: ಶೂ ಹೋದ ಮೇಲೆ ಅವನು ನಾಲ್ಕು ಕಾಲಲ್ಲಿ ಓಡಿದ, ಇನ್ನೂ ಜೋರಾಗಿ ಓಡಿದ. ಹುಡುಗನಾಗಿದ್ದಾಗ ಆಗದಿದ್ದದ್ದು ಮೊಲವಾದ ಕೂಡಲೇ ಆಯಿತು. ತಪ್ಪಿಸಿಕೊಂಡೇ ಬಿಡುತ್ತಿದ್ದನೋ ಏನೋ, ಆದರೆ ಗೂಸ್‌ಬೆರಿ ಗಿಡಕ್ಕೆ ಹೊದಿಸಿದ್ದ ಬಲೆಗೆ ಕೋಟಿನ ದೊಡ್ಡ ಗುಂಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಜೀವ ಹೋಗುವ ಆ ಹೊತ್ತಿನಲ್ಲಿ ಪಾಟರ್ ನಿಧಾನವಾಗಿ ಹೇಳುತ್ತಾರೆ, ಅದು ಹಿತ್ತಾಳೆ ಗುಂಡಿಯ ನೀಲಿ ಕೋಟು, ಹೊಸದು ಅಂತ. ಅಮ್ಮ ಪ್ರೀತಿಯಿಂದ ತೊಡಿಸಿದ ಕೋಟೇ ಮಗನನ್ನು ಹಿಡಿದುಕೊಡುತ್ತಿದೆ. ಮೆಕ್‌ಗ್ರೆಗರ್ ಜರಡಿ ಹಿಡಿದು ಬರುತ್ತಾನೆ, ಮೇಲಿಂದ ಮುಚ್ಚಿಬಿಡಲು. ಪೀಟರ್ ಹೇಗೋ ಕೊಸರಿಕೊಂಡು ಕೋಟು ಅಲ್ಲೇ ಬಿಟ್ಟು ಓಡುತ್ತಾನೆ.

ಅಲ್ಲಿಂದ ಮುಂದೆ ಚಿತ್ರಗಳಲ್ಲಿ ಇರುವುದು ಕಂದು ಬಣ್ಣದ ಬರೀ ಮೊಲ. ಅದರಲ್ಲಿ ಒಂದು ಚಿತ್ರವಿದೆ, ನನಗೆ ಇಡೀ ಪುಸ್ತಕದಲ್ಲಿ ಅದೇ ಎಲ್ಲಕ್ಕಿಂತ ಇಷ್ಟ. ಗೋಡೆಯಲ್ಲೊಂದು ಬಾಗಿಲು, ಬೀಗ ಹಾಕಿದೆ, ಕೆಳಗೆ ತೂರಲು ಜಾಗವಿಲ್ಲ. ಒಂದು ಮುದಿ ಇಲಿ ಬಾಯಲ್ಲಿ ದಪ್ಪ ಬಟಾಣಿ ಕಚ್ಚಿಕೊಂಡು ಓಡಾಡುತ್ತಿದೆ. ಪೀಟರ್ ದಾರಿ ಕೇಳಿದರೆ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ, ಬಾಯಿ ತುಂಬ ಬಟಾಣಿ. ಸುಮ್ನೆ ತಲೆ ಅಲ್ಲಾಡಿಸುತ್ತದೆ. ಪೀಟರ್ ಅಳಲು ಶುರು ಮಾಡುತ್ತಾನೆ. ಬಾಗಿಲಿಗೆ ಒರಗಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಕೈ ಬಾಯಿ ಹತ್ತಿರ. ಮೈಮೇಲೆ ಬಟ್ಟೆಯಿಲ್ಲ, ಥೇಟ್ ಮೊಲ. ಆದರೆ ನಿಂತಿರುವ ರೀತಿ ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನದು. ಆ ಪುಟದಲ್ಲಿ ಮಕ್ಕಳು ಮಾತಾಡುವುದಿಲ್ಲ. ನಿಮ್ಮ ಮಗಳೂ ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ ಅಂತ ನನ್ನ ಊಹೆ. ಅಲ್ವಾ?

ಬೇರೆ ಪುಸ್ತಕಗಳಲ್ಲೂ ಬಟ್ಟೆಯ ಆಟ ನಡೆದೇ ಇದೆ. 1905ರ ಮಿಸೆಸ್ ಟಿಗ್ಗಿ-ವಿಂಕಲ್ ಕಥೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಒಬ್ಬ ಅಜ್ಜಿ ಇದ್ದಾಳೆ, ಟೋಪಿ, ಶಾಲು, ಲಂಗ ಎಲ್ಲ ತೊಟ್ಟವಳು. ಕೊನೆಯಲ್ಲಿ ಅವಳು ಗುಡ್ಡ ಹತ್ತಿ ಓಡುವಾಗ ಟೋಪಿ ಎಲ್ಲಿ, ಶಾಲೆಲ್ಲಿ, ಎಷ್ಟು ಚಿಕ್ಕವಳಾಗಿಬಿಟ್ಟಳು, ಮೈಯೆಲ್ಲ ಮುಳ್ಳು! ಅವಳು ಒಂದು ಹೆಡ್ಜ್‌ಹಾಗ್, ಅಷ್ಟೇ. ಮರುವರ್ಷ ಬಂದ ಜೆರೆಮಿ ಫಿಶರ್ ಕಥೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಕಪ್ಪೆರಾಯನನ್ನು ದೊಡ್ಡ ಟ್ರೌಟ್ ಮೀನು ನುಂಗಿಯೇ ಬಿಡುತ್ತದೆ, ಆದರೆ ಅವನ ಮಳೆಕೋಟಿನ ರುಚಿ ಹಿಡಿಸದೆ ಉಗುಳುತ್ತದೆ. ಪೀಟರನನ್ನು ಕೊಲ್ಲಲು ಹೊರಟ ಬಟ್ಟೆ ಇಲ್ಲಿ ಕಪ್ಪೆಯನ್ನು ಬದುಕಿಸಿತು. 1907ರ ಟಾಮ್ ಕಿಟನ್ ಕಥೆಯಲ್ಲಿ ನೆಂಟರು ಬರುತ್ತಾರೆ ಅಂತ ಅಮ್ಮ ಬೆಕ್ಕು ಮರಿಗಳಿಗೆ ಬಿಗಿ ಬಟ್ಟೆ ತೊಡಿಸುತ್ತದೆ. ಗುಂಡಿ ಕಿತ್ತು ಬರುತ್ತವೆ, ಬಟ್ಟೆಯೆಲ್ಲ ಬಾತುಕೋಳಿಗಳ ಪಾಲಾಗುತ್ತದೆ.

ಮಗುವಿಗೆ ಇದು ಯಾಕೆ ಅಷ್ಟು ಹಿಡಿಸುತ್ತದೆ? ನಾಲ್ಕು ವರ್ಷದ ಮಗು ದಿನವಿಡೀ ಇದೇ ಜಗ್ಗಾಟದಲ್ಲಿ ಇರುತ್ತದೆ. ನೆಟ್ಟಗೆ ಕೂತುಕೋ, ಬಟ್ಟೆ ಕೊಳೆ ಮಾಡಬೇಡ, ಶೂ ಎಲ್ಲಿ ಬಿಟ್ಟೆ. ಒಳಗಿರುವ ಮರಿಗೆ ನಾಲ್ಕು ಕಾಲಲ್ಲಿ ಓಡಬೇಕು. ಅದನ್ನು ಪಾಟರ್ ಉಪದೇಶ ಮಾಡದೆ ಬರೆದಿದ್ದಾರೆ. ಪೀಟರ್ ಮನೆಗೆ ಬಂದು ಬಿದ್ದುಕೊಂಡಾಗ ಅಮ್ಮ ಬಯ್ಯುವುದಿಲ್ಲ. ಹದಿನೈದು ದಿನದಲ್ಲಿ ಇದು ಎರಡನೇ ಕೋಟು, ಎರಡನೇ ಜೊತೆ ಶೂ, ಅಂತ ಒಂದು ಲೆಕ್ಕ ಬರುತ್ತದೆ. ಒಂದು ದೊಡ್ಡ ಚಮಚ ಕ್ಯಾಮಮೈಲ್ ಟೀ ಕುಡಿಸಿ ಮಲಗಿಸುತ್ತಾಳೆ. ಮಾತು ಕೇಳಿದ ತಂಗಿಯರಿಗೆ ಬ್ರೆಡ್ಡು, ಹಾಲು, ಬ್ಲ್ಯಾಕ್‌ಬೆರಿ. ಮುಗಿಯಿತು ಕಥೆ. ನೀತಿ ಗೀತಿ ಏನಿಲ್ಲ.

ಈ ನೋಟ ಪಾಟರ್‌ಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಬಾಲ್ಯ ನೋಡಬೇಕು. ಹುಟ್ಟಿದ್ದು 1866ರ ಜುಲೈ 28, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ, ಅನುಕೂಲಸ್ಥರ ಮನೆ. ಶಾಲೆಗೆ ಕಳಿಸಲಿಲ್ಲ, ಮನೆಗೇ ಟೀಚರ್ ಬರುತ್ತಿದ್ದರು. ಬೇರೆ ಮಕ್ಕಳ ಸಹವಾಸ ಕಡಿಮೆ. ಇದ್ದ ಒಬ್ಬ ತಮ್ಮನ ಜೊತೆ ಸೇರಿಕೊಂಡು ಮಹಡಿ ಮೇಲಿನ ಕೋಣೆಗೆ ಇಲಿ, ಮೊಲ, ಹಲ್ಲಿ, ಕಪ್ಪೆ, ಬಾವಲಿ, ಹೆಡ್ಜ್‌ಹಾಗ್ ಎಲ್ಲ ತಂದು ಸಾಕಿದರು. ಬದುಕಿದ್ದಾಗ ಅವುಗಳ ಚಿತ್ರ ಬರೆದರು. ಸತ್ತಾಗ ಕೆಲವನ್ನು ಬೇಯಿಸಿ, ಮಾಂಸ ಬಿಡಿಸಿ, ಮೂಳೆಯ ಗೂಡು ತೆಗೆದು ಅದನ್ನೂ ಬರೆದರು. ಕೇಳಿದರೆ ಮೈ ಜುಮ್ಮೆನ್ನಬಹುದು. ಆದರೆ ಕೋಟಿನೊಳಗೆ ಮೊಲದ ಭುಜ ಸರಿಯಾದ ಜಾಗದಲ್ಲಿ ಕೂತಿರುವುದಕ್ಕೆ ಕಾರಣ ಅದೇ. ಮನುಷ್ಯನ ಮೈಗೆ ಮೊಲದ ತಲೆ ಅಂಟಿಸಿದ ಚಿತ್ರಗಳು ಮಕ್ಕಳ ಪುಸ್ತಕಗಳಲ್ಲಿ ಬೇಕಾದಷ್ಟಿವೆ. ಪಾಟರ್ ಹಾಗೆ ಮಾಡಿದವರಲ್ಲ. ಅವರ ಮೊಲದ ಬಟ್ಟೆ ಬಿಚ್ಚಿದರೆ ಒಳಗೆ ಪೂರ್ತಿ ಮೊಲವೇ ಇರುತ್ತದೆ.

ಅಣಬೆಗಳ ಹುಚ್ಚೂ ಇತ್ತು. ಸ್ಕಾಟ್ಲೆಂಡಿನಲ್ಲಿ ಚಾರ್ಲ್ಸ್ ಮೆಕಿಂಟೋಷ್ ಅನ್ನುವ, ಗಿಡ ಬಳ್ಳಿಗಳ ವಿಷಯ ಚೆನ್ನಾಗಿ ತಿಳಿದ ಪೋಸ್ಟ್‌ಮ್ಯಾನ್ ಒಬ್ಬರು ಇವರಿಗೆ ಮಾದರಿಗಳನ್ನು ಕಳಿಸುತ್ತಿದ್ದರು. ಇವರು ಚಿತ್ರ ಬರೆದು ಕಳಿಸುತ್ತಿದ್ದರು. ಅಣಬೆಯ ಬೀಜಕಣ ಹೇಗೆ ಮೊಳೆಯುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಒಂದು ಪ್ರಬಂಧ 1897ರ ಏಪ್ರಿಲ್‌ನಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದ ಮುಂದೆ ಬಂತು. ಹೆಂಗಸರಿಗೆ ಆ ಸಭೆಗೆ ಪ್ರವೇಶವೇ ಇರಲಿಲ್ಲ, ಹಾಗಾಗಿ ಅದನ್ನು ಬೇರೊಬ್ಬ ವಿಜ್ಞಾನಿ ಮುಂದಿಟ್ಟರು. ಪ್ರಬಂಧ ಅಚ್ಚಾಗಲಿಲ್ಲ. ಚಿತ್ರಗಳು ಮಾತ್ರ ಉಳಿದವು, ಎಷ್ಟು ಕರಾರುವಾಕ್ಕಾಗಿದ್ದವು ಅಂದರೆ 1967ರಲ್ಲಿ ಬಂದ ಅಣಬೆಗಳ ಕೈಪಿಡಿಯೊಂದರಲ್ಲಿ ಅವನ್ನು ಬಳಸಿಕೊಂಡರು. ವಿಜ್ಞಾನಕ್ಕೆ ಅಂತ ಪಳಗಿಸಿಕೊಂಡ ಆ ಕಣ್ಣೇ ಮುಂದೆ ಮೆಕ್‌ಗ್ರೆಗರ್ ತೋಟದ ಎಲೆಕೋಸನ್ನೂ ಬರೆಯಿತು.

ಇನ್ನು ಪೀಟರ್ ಹುಟ್ಟಿದ ಬಗೆ. ಇದು ಪುಸ್ತಕ ಮಾಡಬೇಕು ಅಂತ ಬರೆದ ಕಥೆಯಲ್ಲ, ಕಾಗದ. ಅವರ ಹಳೆಯ ಟೀಚರ್ ಆನಿ ಮೂರ್ ಅವರ ಮಗ ನೋಯಲ್‌ಗೆ ಐದು ವರ್ಷ, ಹುಷಾರಿಲ್ಲದೆ ಮಲಗಿದ್ದ. 1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಡಂಕೆಲ್ಡ್‌ನಿಂದ ಪಾಟರ್ ಅವನಿಗೆ ಬರೆದರು: ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ, ಅದಕ್ಕೆ ನಾಲ್ಕು ಪುಟ್ಟ ಮೊಲಗಳ ಕಥೆ ಹೇಳುತ್ತೇನೆ. ನಡುನಡುವೆ ಪೆನ್ನಿನಲ್ಲಿ ಬರೆದ ಚಿತ್ರ. ಪೀಟರ್ ಅನ್ನುವ ಮೊಲ ಅವರ ಮನೆಯಲ್ಲಿ ನಿಜವಾಗಿಯೂ ಇತ್ತು. ಏಳು ವರ್ಷ ಕಳೆದ ಮೇಲೆ ಆ ಕಾಗದ ಇನ್ನೂ ಇದೆಯಾ ಅಂತ ಕೇಳಿದರೆ, ನೋಯಲ್ ಜೋಪಾನವಾಗಿ ಇಟ್ಟುಕೊಂಡಿದ್ದ! ಆ ಪುಸ್ತಕದ ದನಿ ಇವತ್ತಿಗೂ ಹಾಗೇ ಇರುವುದು ಅದಕ್ಕೇ. ಹಾಸಿಗೆಯಲ್ಲಿ ಮಲಗಿರುವ ಒಬ್ಬ ಹುಡುಗನಿಗೆ ಹೇಳುತ್ತಿರುವ ದನಿ ಅದು. ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳುತ್ತಿರುವುದಲ್ಲ.

ಪ್ರಕಾಶಕರಿಗೆ ಇದು ಬೇಕಾಗಲಿಲ್ಲ. ಹಲವರು ವಾಪಸ್ ಕಳಿಸಿದರು, ದೊಡ್ಡ ಪುಸ್ತಕ ಮಾಡಿ ಅಂದವರೂ ಇದ್ದರು. ಪಾಟರ್ ಹಠ ಹಿಡಿದರು. ಪುಸ್ತಕ ಮಗುವಿನ ಕೈಯಲ್ಲಿ ಹಿಡಿಯುವಂತಿರಬೇಕು, ಬೆಲೆ ಒಂದು ಶಿಲ್ಲಿಂಗ್ ಆಸುಪಾಸಿನಲ್ಲಿರಬೇಕು, ಆರು ಶಿಲ್ಲಿಂಗ್ ಪುಸ್ತಕ ಯಾವ ಮಗುವೂ ಕೊಳ್ಳುವುದಿಲ್ಲ. ಕೊನೆಗೆ 1901ರ ಡಿಸೆಂಬರ್‌ನಲ್ಲಿ ತಮ್ಮದೇ ದುಡ್ಡಿನಲ್ಲಿ 250 ಪ್ರತಿ ಅಚ್ಚು ಹಾಕಿಸಿ ಹಂಚಿದರು, ಮಾರಿದರು. 1902ರ ಅಕ್ಟೋಬರ್‌ನಲ್ಲಿ ಫ್ರೆಡರಿಕ್ ವಾರ್ನ್ ಕಂಪನಿ ಬಣ್ಣದ ಚಿತ್ರಗಳೊಂದಿಗೆ ತಂದಿತು. ಮನೆಯಲ್ಲಿದ್ದ ನಿಜವಾದ ಪೀಟರ್ ಅದನ್ನು ನೋಡಲಿಲ್ಲ. 1901ರ ಜನವರಿಯಲ್ಲೇ, ಒಂಬತ್ತನೇ ವಯಸ್ಸಿನಲ್ಲಿ, ಸತ್ತುಹೋಗಿತ್ತು.

ದೊಡ್ಡ ಪುಸ್ತಕಗಳನ್ನು ನಿಮ್ಮ ಮಗಳು ಮುಟ್ಟುವುದಿಲ್ಲ ಅಂದಿರಲ್ಲ, ಅಲ್ಲೇ ಅರ್ಧ ಉತ್ತರವಿದೆ. ಈ ಪುಸ್ತಕ ಅವಳ ಕೈಯ ಅಳತೆಯದು. ದೊಡ್ಡವರು ತೊಡೆ ಮೇಲೆ ಬಿಡಿಸಿಟ್ಟು ತೋರಿಸಬೇಕಿಲ್ಲ, ಅವಳೇ ಹಿಡಿದು ಮೂಲೆಯಲ್ಲಿ ಕೂರಬಹುದು. ಒಂದು ಕಡೆ ಎರಡು ಮೂರು ಸಾಲು, ಎದುರಿಗೆ ಒಂದು ಚಿತ್ರ, ಸುತ್ತ ಬಿಳಿ ಜಾಗ. ಪುಟ ತಿರುಗಿಸಿದರೆ ಮಾತ್ರ ಮುಂದೇನಾಯಿತು ಗೊತ್ತಾಗುವುದು.

ಇನ್ನು ಚಿತ್ರದಲ್ಲಿ ಮಾತ್ರ ಇದ್ದು ಮಾತಿನಲ್ಲಿ ಇಲ್ಲದ್ದೂ ಇದೆ. ಪೀಟರ್ ಮೂಲಂಗಿ ತಿನ್ನುವ ಪುಟದಲ್ಲಿ ಒಂದು ಕೆಂಪೆದೆಯ ರಾಬಿನ್ ಹಕ್ಕಿ ಇದೆ. ಬಿದ್ದುಹೋದ ಶೂ ಇರುವ ಪುಟದಲ್ಲೂ ಅದು ಬಂದು ಶೂ ನೋಡುತ್ತಾ ನಿಂತಿದೆ. ಕಥೆಯ ಮಾತಿನಲ್ಲಿ ಎಲ್ಲೂ ರಾಬಿನ್ ಸುದ್ದಿ ಇಲ್ಲ. ಓದಲು ಬಾರದ ಮಗು ಅದನ್ನು ತಾನೇ ಹುಡುಕುತ್ತದೆ. ಓದುವ ನಾವು ಅಕ್ಷರ ನೋಡುತ್ತಾ ತಪ್ಪಿಸಿಕೊಂಡಿರುತ್ತೇವೆ. ಇನ್ನೊಂದು, ಪೀಟರ್ ಕಿಟಕಿಯಿಂದ ಹೂಕುಂಡ ಬೀಳಿಸಿಕೊಂಡು ಹಾರುವ ಚಿತ್ರ. ಅಲ್ಲಿ ಮೆಕ್‌ಗ್ರೆಗರ್ ಮುಖ ಇಲ್ಲ. ಅವನ ದೊಡ್ಡ ಬೂಟು ಇದೆ, ಮೊಲದ ಎತ್ತರದಿಂದ ನೋಡಿದಂತೆ. ಎರಡೂವರೆ ಮೂರು ಅಡಿ ಎತ್ತರದಿಂದ ಜಗತ್ತು ನೋಡುವವರಿಗೆ ದೊಡ್ಡವರು ಹೀಗೇ ತಾನೇ ಕಾಣುವುದು?

ಈಗ ಪೈ ವಿಷಯ. ಆ ಸಾಲನ್ನು ಅಮ್ಮ ಮೊಲ ಹೇಳುವ ರೀತಿ ಗಮನಿಸಿ. ನಿಮ್ಮಪ್ಪನಿಗೆ ಅಲ್ಲಿ ಒಂದು ಅವಘಡವಾಯಿತು, ಮಿಸೆಸ್ ಮೆಕ್‌ಗ್ರೆಗರ್ ಪೈ ಒಳಗೆ ಹಾಕಿಬಿಟ್ಟಳು. ಅಷ್ಟೇ. ಅಳುವಿಲ್ಲ, ಹೆದರಿಸುವುದಿಲ್ಲ, ವಿವರಣೆಯಿಲ್ಲ. ಮರುಕ್ಷಣ, ಹೋಗಿ ಆಡಿಕೊಳ್ಳಿ, ತಂಟೆ ಮಾಡಬೇಡಿ, ನಾನು ಹೊರಗೆ ಹೋಗಿ ಬರುತ್ತೇನೆ. ಮಗುವಿಗೆ ಸಾವಿನ ವಿಷಯ ಇದಕ್ಕಿಂತ ನೇರವಾಗಿ, ಇದಕ್ಕಿಂತ ಕಡಿಮೆ ಗದ್ದಲದಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನಾನು ಓದಿ ಹೇಳಿದ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿ ಹೆದರಿಲ್ಲ. ಕೆಲವರು ಪೈ ಅಂದರೇನು ಅಂತ ಕೇಳಿದ್ದಾರೆ. ಒಬ್ಬ ಹುಡುಗ ಮಾತ್ರ, ಅವರಿಗೆ ಅದು ಮೊಲದ ಅಪ್ಪ ಅಂತ ಗೊತ್ತಿತ್ತಾ ಅಂದ. ಗೊತ್ತಿರಲಿಲ್ಲ, ಅವರಿಗೆ ತೋಟದ ಸೊಪ್ಪು ತಿನ್ನುವ ಮೊಲ ಅಷ್ಟೇ ಅಂದೆ. ಅವನು ತುಂಬ ಹೊತ್ತು ಯೋಚಿಸಿದ.

ನೀವು ಈ ಸಾಲು ಹಾರಿಸಿದರೆ ಏನಾಗುತ್ತದೆ ಅಂದರೆ, ಮುಂದೆ ಜರಡಿ ಹಿಡಿದು ಬರುವ ಮೆಕ್‌ಗ್ರೆಗರ್ ಸುಮ್ನೆ ಒಬ್ಬ ಸಿಡುಕು ಮುದುಕನಾಗುತ್ತಾನೆ. ಪೀಟರ್ ನೀರು ಹಾಕುವ ಕ್ಯಾನಿನೊಳಗೆ ಅಡಗಿ ಸೀನುವುದು ಬರೀ ತಮಾಷೆಯಾಗುತ್ತದೆ. ಬಾಗಿಲಿಗೆ ಒರಗಿ ಅಳುವುದು ಅತಿಯಾಯಿತು ಅನ್ನಿಸುತ್ತದೆ. ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಗೊತ್ತಿದ್ದರೇ ತಾನೇ ಮನೆ ಸೇರಿದಾಗ ಎದೆ ಹಗುರಾಗುವುದು? ಅವಳು ದಿನಾ ರಾತ್ರಿ ಅದೇ ಕಥೆ ಕೇಳುವುದು ಆ ಹಗುರಾಗುವ ಗಳಿಗೆಗೋಸ್ಕರ ಅಂತ ನನಗೆ ಅನ್ನಿಸುತ್ತದೆ. ಒಂದು ಮಾತು. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಲೆಕ್ಕ ಬೇರೆ, ಆಗ ನಿಮಗೆ ತೋಚಿದಂತೆ ಮಾಡಿ, ನಿಮ್ಮ ಮಗುವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

1908ರ ಜೆಮಿಮಾ ಪಡಲ್-ಡಕ್ ಕಥೆ ಇದಕ್ಕಿಂತಲೂ ಗಟ್ಟಿ. ಬಾತುಕೋಳಿಗೆ ಮೊಟ್ಟೆಯಿಡಲು ಜಾಗ ಕೊಟ್ಟ ಸಭ್ಯಸ್ಥ ಒಬ್ಬನಿದ್ದಾನೆ, ಬಾಲ ಜೊಂಪೆ, ಮೀಸೆ ಕೆಂಚು. ಅವನು ಅವಳ ಕೈಯಲ್ಲೇ ಸೇಜ್, ಥೈಮ್, ಪುದೀನ, ಪಾರ್ಸ್ಲಿ, ಎರಡು ಈರುಳ್ಳಿ ತರಿಸುತ್ತಾನೆ. ಬಾತುಕೋಳಿ ಹುರಿಯುವಾಗ ಹೊಟ್ಟೆಯೊಳಗೆ ತುಂಬುವ ಮಸಾಲೆ ಅದು. ಅವಳಿಗೆ ಗೊತ್ತಾಗುವುದಿಲ್ಲ, ಕೇಳುವ ಮಗುವಿಗೆ ಗೊತ್ತಾಗುತ್ತದೆ, ಕೂಗಿ ಹೇಳಬೇಕು ಅನ್ನಿಸುತ್ತದೆ. ನಾಯಿಗಳು ಬಂದು ಅವಳನ್ನು ಉಳಿಸುತ್ತವೆ. ಉಳಿಸಿದ ನಾಯಿಮರಿಗಳೇ ಅವಳ ಮೊಟ್ಟೆಯನ್ನೆಲ್ಲ ತಿಂದುಬಿಡುತ್ತವೆ! ನಾಯಿಮರಿ ಅಂದಮೇಲೆ ಮೊಟ್ಟೆ ಕಂಡರೆ ಬಿಡುತ್ತದಾ. ಈ ಕಥೆ ನೀವು ಆರು ವರ್ಷಕ್ಕೆ ಇಟ್ಟುಕೊಳ್ಳಿ.

ಹೇಳುವಾಗ ದೊಡ್ಡ ಪದಗಳಿಗೂ ಹೆದರಬೇಡಿ. ಬಲೆಯಲ್ಲಿ ಸಿಕ್ಕಿ ಅಳುವ ಪೀಟರ್ ಹತ್ತಿರ ಗುಬ್ಬಿಗಳು ಹಾರಿ ಬಂದು, ಪ್ರಯತ್ನ ಬಿಡಬೇಡಪ್ಪ ಅಂತ ಬೇಡಿಕೊಳ್ಳುವ ಕಡೆ ಇಂಗ್ಲಿಷಿನಲ್ಲಿ ಗುಬ್ಬಿಗಳು ಭಾರೀ ಗಾಂಭೀರ್ಯದ ಮಾತು ಆಡುತ್ತವೆ. 1909ರ ಫ್ಲಾಪ್ಸಿ ಬನ್ನಿಗಳ ಕಥೆಯಂತೂ ಲೆಟ್ಯೂಸ್ ಜಾಸ್ತಿ ತಿಂದರೆ ನಿದ್ದೆ ಬರುತ್ತದೆ ಅನ್ನುವುದಕ್ಕೆ ಸೊಪೊರಿಫಿಕ್ ಅನ್ನುವ ವೈದ್ಯರ ಪದದಿಂದ ಶುರುವಾಗುತ್ತದೆ, ತಮಗೆ ಹಾಗೆ ಯಾವತ್ತೂ ಆಗಿಲ್ಲ, ಆದರೆ ತಾವು ಮೊಲವಲ್ಲವಲ್ಲ ಅನ್ನುತ್ತಾರೆ ಪಾಟರ್. ಕನ್ನಡದಲ್ಲಿ ಹೇಳುವಾಗ ನೀವೂ ಒಂದು ಗತ್ತಿನ ಪದ ಹಾಕಿ. ಮಕ್ಕಳು ಅದನ್ನು ಬಾಯಲ್ಲಿ ಹಾಕಿಕೊಂಡು ವಾರಗಟ್ಟಲೆ ಚಪ್ಪರಿಸುತ್ತಾರೆ.

ಎಲ್ಲ ಪುಸ್ತಕವೂ ಒಂದೇ ಮಟ್ಟದ್ದಲ್ಲ. ಒಟ್ಟು 23 ಪುಟ್ಟ ಪುಸ್ತಕಗಳಿವೆ. 1902ರಿಂದ 1913ರವರೆಗಿನವು ನನಗೆ ಪ್ರಾಣ, ಆಮೇಲಿನವು ಅಷ್ಟಿಲ್ಲ. 1930ರಲ್ಲಿ ಬಂದ ಲಿಟಲ್ ಪಿಗ್ ರಾಬಿನ್ಸನ್ ಉದ್ದವಾಯಿತು, ಎಳೆಯಿತು. ಗಂಡು ಮರಿ ತುಂಟ, ಹೆಣ್ಣು ಮರಿಗಳು ಜಾಣೆಯರು ಅನ್ನುವ ಅಂದಿನ ಕಾಲದ ಲೆಕ್ಕಾಚಾರ ಪೀಟರ್ ಕಥೆಯಲ್ಲೂ ಇದೆ. ಮಗಳು ಕೇಳಿದರೆ ಪೀಟರನ ತಂಗಿ ಫ್ಲಾಪ್ಸಿಯೂ ಒಂದು ದಿನ ತೋಟಕ್ಕೆ ನುಗ್ಗಿದ ಕಥೆ ನೀವೇ ಕಟ್ಟಿ ಹೇಳಿ.

ಬರೆಯುವುದು ಕಡಿಮೆಯಾದದ್ದಕ್ಕೆ ಕಾರಣವಿತ್ತು. ಪ್ರಕಾಶನ ಸಂಸ್ಥೆಯ ನಾರ್ಮನ್ ವಾರ್ನ್ ಜೊತೆ 1905ರ ಜುಲೈನಲ್ಲಿ ಮದುವೆ ನಿಶ್ಚಯವಾಯಿತು, ಒಂದೇ ತಿಂಗಳಲ್ಲಿ ಅವರು ಕಾಯಿಲೆಯಿಂದ ತೀರಿಕೊಂಡರು. ಅದೇ ವರ್ಷ ಪಾಟರ್ ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ನಿಯರ್ ಸಾರಿ ಅನ್ನುವ ಹಳ್ಳಿಯ ಹಿಲ್ ಟಾಪ್ ಹೊಲಮನೆ ಕೊಂಡರು. ಟಾಮ್ ಕಿಟನ್, ಜೆಮಿಮಾ ಕಥೆಗಳಲ್ಲಿ ಬರುವುದು ಅಲ್ಲಿನದೇ ಗೇಟು, ಅಂಗಳ, ಕಲ್ಲಿನ ಗೋಡೆ. ಇವತ್ತಿಗೂ ಜನ ಪುಸ್ತಕ ಕೈಯಲ್ಲಿ ಹಿಡಿದು ಹೋಗಿ ಹೋಲಿಸಿ ನೋಡುತ್ತಾರೆ. 1913ರಲ್ಲಿ ವಿಲಿಯಂ ಹೀಲಿಸ್ ಅನ್ನುವ ವಕೀಲರನ್ನು ಮದುವೆಯಾದರು, ಹರ್ಡ್‌ವಿಕ್ ತಳಿಯ ಕುರಿ ಸಾಕುವುದರಲ್ಲಿ ಮುಳುಗಿಹೋದರು. 1943ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ 4,000 ಎಕರೆಗೂ ಜಾಸ್ತಿ ಜಮೀನನ್ನು ನಾಡಿನ ಹಳೆಯ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋಗಿದ್ದರು.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಮಗಳು ಇವತ್ತಲ್ಲ ನಾಳೆ, ಪೀಟರನ ಕೋಟು ಏನಾಯಿತು ಅಂತ ಕೇಳಿಯೇ ಕೇಳುತ್ತಾಳೆ. ಮೆಕ್‌ಗ್ರೆಗರ್ ಅದನ್ನೂ ಶೂಗಳನ್ನೂ ಬೆದರುಬೊಂಬೆಗೆ ತೊಡಿಸಿ ನಿಲ್ಲಿಸಿದ ಅಂತ ಈ ಪುಸ್ತಕದಲ್ಲಿದೆ. ಮುಂದಿನದು 1904ರ ಬೆಂಜಮಿನ್ ಬನ್ನಿ ಪುಸ್ತಕದಲ್ಲಿದೆ, ಅದನ್ನು ಈಗಲೇ ತಂದಿಟ್ಟುಕೊಳ್ಳಿ. ಅದರಲ್ಲಿ ಪೀಟರನ ಸೋದರಸಂಬಂಧಿ ಬೆಂಜಮಿನ್‌ನ ಅಪ್ಪ ಮರಿಗಳಿಗೆ ಕೋಲಿನಿಂದ ಬಾರಿಸುವ ಜಾಗ ಬರುತ್ತದೆ, ಅಲ್ಲಿ ನಾನು ಓದುವುದು ನಿಲ್ಲಿಸಿ ಮಕ್ಕಳ ಜೊತೆ ಮಾತಾಡುತ್ತೇನೆ, ನೀವೂ ಮಾತಾಡಿ. ಕೋಟು ಸಿಗುತ್ತದೆ. ರಾತ್ರಿ ಮಳೆ ಬಂದು ಶೂ ಒಳಗೆ ನೀರು ನಿಂತಿರುತ್ತದೆ, ಕೋಟು ಸ್ವಲ್ಪ ಕುಗ್ಗಿರುತ್ತದೆ. ಪೀಟರ್ ಅದನ್ನೇ ಹಾಕಿಕೊಂಡು ಮನೆಗೆ ಹೋಗುತ್ತಾನೆ.